ಕಿಟಕಿ ಕಟ್ಟೆಯ ಮೇಲಿನ ಬೆಸುಗೆ ತಂತಿ

ಆ ಬೆಸುಗೆ ತಂತಿಯ ಸುರುಳಿಯನ್ನು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ನಾನು ನಿಜವಾಗಿ ನೋಡಿದೆನೋ, ಅಥವಾ ನೋಡಿದ್ದೆನೆಂದು ಜಗಳವಾದ ಮೇಲೆ ಅಂದುಕೊಂಡೆನೋ, ಖಚಿತವಾಗಿ ಹೇಳಲಾರೆ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಪಾತ್ರೆ ತೊಳೆಯುವ ಸೋಪಿನ ಬಾಟಲಿ, ಅಮ್ಮ ತುಳಸಿ ಬೆಳೆಸಿದ್ದ ಡಬ್ಬ, ನಡುವೆ ನನ್ನ ಸುರುಳಿ. ಆದರೆ ಅಮ್ಮ ತುಳಸಿ ಬೀಜ ಹಾಕಿದ್ದು ಬೇಸಿಗೆ ಬಂದ ಮೇಲೆ. ಇದು ನಡೆದದ್ದು ಅದಕ್ಕೂ ಮುಂಚೆ, ಕೊರೆಯುವ ಚಳಿಯಲ್ಲಿ. ಅಂದರೆ ಚಿತ್ರದಲ್ಲಿ ತುಳಸಿಯಂತೂ ಸುಳ್ಳು. ಪಕ್ಕದಲ್ಲಿರುವ ಸುರುಳಿಯನ್ನು ಯಾವ ಧೈರ್ಯದ ಮೇಲೆ ನಂಬಲಿ?

ತೊಂಬತ್ತರ ದಶಕದ ಕೊನೆ. ರೇನರ್ಸ್ ಲೇನಿನಲ್ಲಿ ಅಕ್ಕ ಭಾವನ ಮನೆಯ ಮೇಲಿನ ಚಿಕ್ಕ ಕೋಣೆಯಲ್ಲಿ ನಾನಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಕೆಲಸ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನ ಕಂಪ್ಯೂಟರುಗಳ ಜೊತೆ. ಭಾವ ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ರಜೆಯ ದಿನ ನಾನು ಬಿಯರ್ ಮಾಡುತ್ತಿದ್ದೆ. ದೊಡ್ಡದೊಂದು ಕರೆಂಟಿನ ಬಾಯ್ಲರು, ಹುದುಗಲು ಬಿಡುವ ಬಿಳಿ ಬಕೆಟ್ಟು, ಒಂದು ಕೊಳವೆ, ಇಷ್ಟೇ ಸಾಮಾನು. ಇಂಗ್ಲಿಷರ ಈ ದೇಶದಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಲೈಸೆನ್ಸಿಲ್ಲದೆ ಬಟ್ಟಿ ಇಳಿಸುವುದು ಮಾತ್ರ ಅಪರಾಧ.

ಭಾವ ನನ್ನ ಬಿಯರನ್ನು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಡುತ್ತಿದ್ದರು. "ಇದೇನಪಾ, ಕುದುರಿ ಉಚ್ಚಿ ಇದ್ದಂಗದ. ಒಮ್ಮೆ ಕಾಸಿ ಇಳಿಸಿದ್ರ ಗಂಡಸರು ಕುಡಿಯೋ ಹಂಗ ಆಗ್ತದ ನೋಡು."

"ಕಾನೂನಿಗೆ ವಿರುದ್ಧ ಭಾವ."

"ಪೊಲೀಸರು ರೇನರ್ಸ್ ಲೇನ್ ತನಕ ಮೂಸಕೋತ ಬರ್ತಾರೇನು?"

ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ ಅವರು ಮಾಡಿಯೇಬಿಟ್ಟರು. ಮನೆಯ ಹೀಟಿಂಗ್ ರಿಪೇರಿಯಲ್ಲಿ ಉಳಿದಿದ್ದ ತಾಮ್ರದ ಕೊಳವೆಯನ್ನು ಸುತ್ತಿ, ತುಂಡಿಗೆ ತುಂಡು ಬೆಸೆದು, ನನ್ನ ಬಾಯ್ಲರಿನ ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿದ್ದರು. ಇಳಿಸಿದ್ದಕ್ಕೆ ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು, ಖಾಲಿಯಾಗಿದ್ದ ಬ್ರಾಂಡಿ ಬಾಟಲಿಗೆ ತುಂಬಿ ಕಪಾಟಿನಲ್ಲಿಟ್ಟಿದ್ದರು.

ಅದೇ ಸಮಯಕ್ಕೆ ಅಮ್ಮ ಮೈಸೂರಿನಿಂದ ಅಕ್ಕನ ಬಾಣಂತನಕ್ಕೆ ಬಂದಿದ್ದಳು. ಹೆಂಡ ಅಂದರೆ ಮೂಗು ಮುಚ್ಚುವ ಅಮ್ಮನಿಗೆ ಬ್ರಾಂಡಿ ಮಾತ್ರ ಔಷಧಿ, ಅದರ ಜಾಗ ಓಮದ ಡಬ್ಬದ ಪಕ್ಕ. ಬಾಣಂತಿಗೆ ಶೀತ ತಾಕಬಾರದೆಂದು ಒಂದು ಚಮಚಕ್ಕೆ ಜೇನು ಕಲಸಿ ಕೊಡುವುದು ನಮ್ಮ ಮನೆಯ ರೂಢಿ. ನಾನು ಕೆಲಸ ಮುಗಿಸಿ ವಾಪಸು ಬಂದು ಅಡುಗೆಮನೆಗೆ ಕಾಲಿಟ್ಟಾಗ ಅಮ್ಮ ಕಲಸುತ್ತಿದ್ದಳು.

"ಯಾವ ಬಾಟ್ಲಿ ಅಮ್ಮ ಅದು?"

"ಅಳಿಯಂದ್ರು ಇಟ್ಟಿದ್ದು ಕಣೋ. ಬಲು ಖಾರ. ಪಾಪ, ವಾರದಿಂದ ಮುಖ ಕಿವುಚ್ಕೊಂಡು ಕುಡೀತಿದಾಳೆ."

ಟೇಬಲ್ಲಿನ ಹತ್ತಿರ ಕೂತಿದ್ದ ಭಾವ ನನ್ನ ಕಡೆ ಕಣ್ಣು ಹೊಡೆದರು. "ಅತ್ತಿಗೂ ಗೊತ್ತಾಗಲಿಲ್ಲ ನೋಡಪಾ. ಅಷ್ಟು ಛಲೋ ಬಂದದ ಮಾಲು."

"ಏನು ಗೊತ್ತಾಗ್ಲಿಲ್ಲ?" ಅಂದಳು ಅಮ್ಮ.

ಒಲೆಯ ಪಕ್ಕ ನನ್ನ ಬಾಯ್ಲರು ಕೊಳವೆ ಹೊತ್ತು ಕೂತಿತ್ತು. ಬೆಸುಗೆ ದಪ್ಪಗೆ, ಬೂದುಬಣ್ಣಕ್ಕೆ ಕಂಡಿತು. ಯಾವ ತಂತಿಯಿಂದ ಬೆಸೆದಿರಿ ಎಂದು ಕೇಳಿದೆ. ಪ್ಲಂಬರ್ ಬಿಟ್ಟುಹೋಗಿದ್ದು, ಕುಡಿಯುವ ನೀರಿನ ಪೈಪಿಗೆ ಹಾಕುವಂಥದ್ದು, ಸೀಸ ಇಲ್ಲದ್ದು ಅಂದರು. ಆಗಲೇ ನಾನು ಕಿಟಕಿ ಕಟ್ಟೆಯ ಮೇಲೆ ನನ್ನ ಸುರುಳಿ ನೋಡಿದ್ದು. ನೋಡಿದ್ದರೆ. ರೇಡಿಯೋ ರಿಪೇರಿಗೆ ಇಟ್ಟುಕೊಂಡಿದ್ದ ಆ ತಂತಿ ಅರ್ಧಕ್ಕರ್ಧ ಸೀಸ. ಬಿಸಿ ಹೆಂಡ ತಾಗಿದರೆ ಸೀಸ ಸ್ವಲ್ಪ ಸ್ವಲ್ಪವೇ ಕರಗಿ ಬಾಟಲಿಗಿಳಿಯುತ್ತದೆ, ಎಳೆಗೂಸಿಗೆ ಅದು ವಿಷ.

ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದೆ. ಅಮ್ಮನ ಕೈಯ ಚಮಚವನ್ನೂ ಕಸಿದುಕೊಂಡೆ.

"ಅಕ್ಕ ಮಗುವಿಗೆ ಹಾಲು ಕೊಡ್ತಿದಾಳೆ ಭಾವ. ನೀವು ನೋಡ್ಕೊಂಡು ಕೂತಿದ್ರಾ?"

"ಡಾಕ್ಟರ್ ನಾನೋ ನೀನೋ? ಬಾಯ್ಲರಿಗೆ ತೂತು ಬಿತ್ತಂತ ಹೊಟ್ಟಿ ಉರೀಲಿಕ್ಕೆ ಹತ್ತೇದ ಇವಗ."

ಗಲಾಟೆ ಕೇಳಿ ಅಕ್ಕ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಜಿಪಿ ಹತ್ತಿರ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ, ನಿನಗೂ ಮಗುವಿಗೂ ರಕ್ತ ಪರೀಕ್ಷೆ ಮಾಡಿಸು ಎಂದೆ.

"ಏನಂತ ಹೇಳ್ಲಿ? ನನ್ನ ಗಂಡ ಕಳ್ಳಬಟ್ಟಿ ಕುಡಿಸಿದ ಅಂತಲಾ? ಅವರ ಕೆಲಸ ಉಳಿಯತ್ತೇನೋ ಆಮೇಲೆ?"

ಪರೀಕ್ಷೆ ಆಗಲಿಲ್ಲ. ನಾನು ಕ್ರೋಯ್ಡನ್ನಿನಲ್ಲಿ ಒಂದು ಫ್ಲ್ಯಾಟ್ ಹುಡುಕಿಕೊಂಡು ಹೊರಟುಹೋದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆದರೆ ಭಾವ ಇದನ್ನೊಂದು ಕಥೆ ಮಾಡಿಕೊಂಡರು. ಯುಗಾದಿ ಊಟಕ್ಕೆ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, ಒಬ್ಬಟ್ಟಿನ ಜೊತೆ ಇದನ್ನೂ ಬಡಿಸುತ್ತಿದ್ದರು. ವರ್ಷದಿಂದ ವರ್ಷಕ್ಕೆ ನಾನು ಅದರಲ್ಲಿ ಬಾಯ್ಲರು ತಬ್ಬಿಕೊಂಡೆ, ಕಣ್ಣೀರಿಟ್ಟೆ, ಕೊನೆಗೆ ಪೊಲೀಸರಿಗೆ ಫೋನ್ ಮಾಡಲೂ ಹೊರಟೆ. ಕೇಳುವವರಲ್ಲಿ ಅರ್ಧ ಜನ ಡಾಕ್ಟರುಗಳು. ಒಬ್ಬರಾದರೂ ನಗುವುದು ನಿಲ್ಲಿಸಿ, ಹಾಲುಣಿಸುವ ಹೆಂಡತಿಗೆ ಅದನ್ನೇಕೆ ಕುಡಿಯಲು ಬಿಟ್ಟೆ ಎಂದು ಅವರನ್ನು ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಥೆಯ ಕೊನೆಗೆ ಮಗನನ್ನು ಎಳೆದು ನಿಲ್ಲಿಸುತ್ತಿದ್ದರು. "ಇವನ ಗಣಿತದ ಮಾರ್ಕ್ಸ್ ಕೇಳ್ರಿ. ಸೀಸ ಎಲ್ಲಿ ಅದ?" ಕನ್ನಡ ಅರ್ಥವಾಗುವ ಹುಡುಗ "ಸ್ಟಾಪ್ ಇಟ್, ಡ್ಯಾಡ್" ಎಂದು ಕೊಸರಿಕೊಂಡು ಓಡುತ್ತಿದ್ದ. ಅವನು ಚೆನ್ನಾಗಿದ್ದಾನೆ, ಸಂತೋಷ. ಆದರೆ ಒಬ್ಬ ಹುಡುಗನ ಮಾರ್ಕ್ಸಿನಿಂದ ಒಂದು ಕೊಳವೆಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಇಷ್ಟು ತರ್ಕ ನನಗೆ ಕಾಲೇಜಿನಲ್ಲೇ ಕಲಿಸಿದ್ದರು. ಅವರಿಗೂ ಕಲಿಸಿರಬೇಕು.

ಕೇಳಿ ಕೇಳಿ ನನಗೇ ಅನುಮಾನ ಹತ್ತಿತು. ನಾನು ಬಾಟಲಿ ಚೆಲ್ಲಿದ್ದು ಅಕ್ಕನ ಮೇಲಿನ ಕಾಳಜಿಗೋ, ಬಾಯ್ಲರಿನ ಸಿಟ್ಟಿಗೋ? ತೂತು ಕಂಡು ಸಿಟ್ಟು ಬಂದದ್ದಂತೂ ಹೌದು. ಸುರುಳಿಯನ್ನು ಆಮೇಲೆ ನಾನೇ ಕಿಟಕಿಯಲ್ಲಿ ಇಟ್ಟುಕೊಂಡೆನೇ, ತುಳಸಿಯನ್ನು ಇಟ್ಟ ಹಾಗೆ? ಮನಸ್ಸಿನೊಳಗೆ ಎಷ್ಟು ಕೆದಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ.

ಅವರು ಆ ಮನೆ ಮಾರುವಾಗ ಹೊಸ ಶತಮಾನ ಬಂದು ಹಲವು ವರ್ಷಗಳಾಗಿದ್ದವು. ಸಾಮಾನು ಎತ್ತಲು ಅಕ್ಕ ನನ್ನನ್ನೂ ಕರೆದಳು. ಹಿತ್ತಲ ಶೆಡ್ಡಿನ ಮೊಳೆಯಲ್ಲಿ ಆ ತಾಮ್ರದ ಕೊಳವೆ ಜೇಡರ ಬಲೆ ಕಟ್ಟಿಕೊಂಡು ತೂಗುತ್ತಿತ್ತು. ಯಾರನ್ನೂ ಕೇಳದೆ ಕಾರಿಗೆ ಹಾಕಿಕೊಂಡೆ. ಹಳೆ ಮನೆಯ ಪೇಂಟಿನಲ್ಲಿ ಸೀಸ ಇದೆಯೇ ಎಂದು ನೋಡುವ ಕಡ್ಡಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಸೀಸವಿದ್ದರೆ ತುದಿ ಕೆಂಪಾಗುತ್ತದೆ. ಕಡ್ಡಿಯನ್ನೂ ನಂಬದೆ ಮೊದಲು ಬರಿ ತಾಮ್ರಕ್ಕೆ ತಿಕ್ಕಿದೆ. ಬಣ್ಣ ಬದಲಾಗಲಿಲ್ಲ. ಇನ್ನೊಂದು ಕಡ್ಡಿ ತೆಗೆದು ಬೆಸುಗೆಗೆ ತಿಕ್ಕಿದೆ.

ಕೆಂಪಾಯಿತು.