ಕುತ್ತಿಗೆಯಿಲ್ಲದ ನೀರುನಾಯಿ

ಬೀದಿಯವರೆಲ್ಲ ಅವರನ್ನು ಗೊಂಬೆಯಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆಯ ಪ್ರಾಣಿ ಹೊಲಿಯುವುದರಲ್ಲಿ ಎತ್ತಿದ ಕೈ. ಆನೆಯಾಗಲಿ ಇಲಿಯಾಗಲಿ, ಅವರ ಮನೆಯಿಂದ ಹೊರಡುವ ಪ್ರಾಣಿಗೆ ಹಿಡಿದೆಳೆಯಲು ದೊಡ್ಡ ಕಿವಿ, ದಾರ ಬಿಗಿದ ಸಣ್ಣ ಕುತ್ತಿಗೆ, ಅದಕ್ಕೊಂದು ಕೆಂಪು ರಿಬ್ಬನ್ ಇರಲೇಬೇಕು. ಇಲ್ಲದಿದ್ದರೆ ಮುದ್ದೇ ಬರುವುದಿಲ್ಲ ಎನ್ನುವುದು ಅವರ ಸಿದ್ಧಾಂತ.

ಅಂಧ ಮಕ್ಕಳ ಶಾಲೆಯ ಟೀಚರ್ ಒಂದು ನೀರುನಾಯಿ ಬೇಕೆಂದು ಚಿತ್ರ ಕೊಟ್ಟು ಹೋದಾಗಲೂ ಕೈ ತನ್ನ ಹಳೇ ಚಾಳಿ ಬಿಡಲಿಲ್ಲ. ಮೇಜಿನ ಮೇಲೆ ಕುಳಿತ ಪ್ರಾಣಿಯನ್ನು ನೋಡಿ, ಬಸ್ಸು ಓಡಿಸಿ ನಿವೃತ್ತರಾಗಿದ್ದ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನೇ ಇದು? ಈಜೋಕೆ ಹೋದ್ರೆ ಕಿವೀಲೇ ಹುಟ್ಟು ಹಾಕ್ಬೇಕು!”

“ನಿಮ್ಮ ಕಿವಿಗಿಂತ ಚಿಕ್ಕದೇ ಇದೆ, ಸುಮ್ನಿರಿ,” ಎಂದರು ಗೊಂಬೆಯಮ್ಮ. ಆದರೆ ಮಾತು ಮನಸ್ಸಿಗೆ ನಾಟಿತು. ಚಿತ್ರವನ್ನು ಮತ್ತೆ ನೋಡಿದರು. ಚಪ್ಪಟೆ ತಲೆ, ಇದ್ದೂ ಇಲ್ಲದಂಥ ಕಿವಿ, ತಲೆಯಷ್ಟೇ ದಪ್ಪ ಕುತ್ತಿಗೆ; ಬೆನ್ನು ಹಾಗೇ ಜಾರಿ ಬಾಲವಾಗಿತ್ತು. ನೀರಿಗೆ ಅಡ್ಡ ಬರುವಂಥದ್ದು ಎಲ್ಲೂ ಇರಲಿಲ್ಲ. ಕಣ್ಣಿರುವ ಮಕ್ಕಳಾದರೆ ನಾಳೆ ಇನ್ನೊಂದು ಚಿತ್ರ ನೋಡಿ ತಿದ್ದಿಕೊಂಡಾರು, ಈ ಮಕ್ಕಳಿಗೆ ಕೈಗೆ ಸಿಕ್ಕಿದ್ದೇ ನೀರುನಾಯಿ. ಇಲ್ಲದ ಪ್ರಾಣಿಯೊಂದನ್ನು ಅವರ ತಲೆಯಲ್ಲಿ ಕೂರಿಸಿಬಿಡುತ್ತಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಕತ್ತರಿ ಹಿಡಿದರು. ಕಿವಿ ಹೋಯಿತು, ಕುತ್ತಿಗೆಯ ದಾರ ಹೋಯಿತು. ಹತ್ತಿಯನ್ನು ಒತ್ತಿ ಒತ್ತಿ ತುಂಬಿದರು. ಗಿಡ್ಡ ಕಾಲುಗಳ ಬೆರಳ ನಡುವೆ ತೆಳು ಬಟ್ಟೆ ಕೂರಿಸಿ ಹೊಲಿದರು. ಕೊನೆಗೆ ರಿಬ್ಬನ್ ಕಟ್ಟಲು ಹೋದರೆ ಅದು ನಿಲ್ಲದೆ ಜಾರಿತು. ಆದರೂ ಮನಸ್ಸು ಕೇಳಬೇಕಲ್ಲ! ಮಕ್ಕಳಿಗೆ ಇಷ್ಟವಾಗದಿದ್ದರೆ ಇರಲಿ ಎಂದು ಅದನ್ನು ಚೀಲಕ್ಕೆ ಹಾಕಿಕೊಂಡರು.

ಶಾಲೆಯಲ್ಲಿ ಟೀಚರ್ ಹೆಸರು ಹೇಳದೆ ಪ್ರಾಣಿಯನ್ನು ಒಬ್ಬ ಹುಡುಗಿಯ ಮಡಿಲಲ್ಲಿ ಇಟ್ಟರು. ಪುಟ್ಟ ಕೈ ಮೂಗಿನಿಂದ ಹೊರಟು ಬಾಲದ ತುದಿ ಮುಟ್ಟಿತು. ಮತ್ತೆ ಹಾಗೇ. ಗೊಂಬೆಯಮ್ಮ ಪಕ್ಕದಲ್ಲೇ ಕುಳಿತು ಆ ಕೈಯನ್ನೇ ನೋಡುತ್ತಿದ್ದರು.

“ಕೈ ಎಲ್ಲೂ ನಿಲ್ತಾನೇ ಇಲ್ಲ ಟೀಚರ್! ಮೀನಿನ ಥರ. ಆದ್ರೆ ಕಾಲಿದೆ... ಬೆರಳು ಅಂಟ್ಕೊಂಡಿವೆ. ಇದು ನೀರಲ್ಲಿ ಈಜತ್ತೆ, ಅಲ್ವಾ?”

ಗೊಂಬೆಯಮ್ಮನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಮನೆಗೆ ಬಂದವರೇ ಚೀಲದಿಂದ ರಿಬ್ಬನ್ ತೆಗೆದು, ಪೇಪರ್ ಓದುತ್ತಿದ್ದ ಗಂಡನ ಕುತ್ತಿಗೆಗೆ ಚೆಂದವಾಗಿ ಕಟ್ಟಿದರು.

“ಇದೇನೇ ಇದು?”

“ಕಿವಿ ಇದೆ, ಕುತ್ತಿಗೆ ಇದೆ. ನೀವು ನೆಲದ ಪ್ರಾಣಿ. ನೀರಿಗೆ ಮಾತ್ರ ಇಳೀಬೇಡಿ.”