ಒಂಬತ್ತನೆಯ ಕಂಬ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಊರಿಗೆ ಹೋದರೂ ಕಣ್ಣಿಗಿಂತ ಮೊದಲು ಪೆನ್ನು ತೆರೆದುಕೊಳ್ಳುತ್ತದೆ. ಪೆನಾಂಗ್ ದ್ವೀಪಕ್ಕೆ ಹೊರಟಾಗಲೂ ಅಷ್ಟೆ: ಮೂರು ದಿನ, ಹದಿನಾಲ್ಕು ಜಾಗ, ಪ್ರತಿಯೊಂದರ ಮುಂದೆ ಟಿಕ್ ಹಾಕಲು ಒಂದು ಚೌಕ. ಜೊತೆಗೆ ಬಂದವರು ಅಪ್ಪ.

ಅಪ್ಪ ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಮರದ ಬೊಂಬೆ ಕಡೆದವರು. ಹೊರಡುವ ಹಿಂದಿನ ದಿನ ಬೊಂಬೆ ಕಡೆಯುವ ಲೇತಿಗೆ ಗೋಣಿಚೀಲ ಹೊದಿಸಿ, "ಬಂದ್ಮೇಲೆ ಇದನ್ನ ಯಾರಿಗಾದ್ರೂ ಕೊಟ್ಬುಡ್ತೀನಿ ಕಣವ್ವ. ಕೈಕೆಲ್ಸನ ಈಗ ಯಾರ್ ನೋಡ್ತಾರೆ?" ಎಂದಿದ್ದರು. ಲೇತಿನ ಸದ್ದಿಲ್ಲದ ನಮ್ಮ ಮನೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು.

ಪೆನಾಂಗ್ ಎಂಬ ಹೆಸರು ಬಂದದ್ದು ಅಡಿಕೆಗೆ ಮಲಯ ಭಾಷೆಯಲ್ಲಿರುವ ಪದದಿಂದಂತೆ. ಇದನ್ನು ಹೇಳಿದಾಗ ಅಪ್ಪ ಗೌರವದಿಂದ ಜೇಬು ಮುಟ್ಟಿಕೊಂಡು ಒಂದು ಹೋಳು ಬಾಯಿಗೆ ಹಾಕಿಕೊಂಡರು. ಅವರು ದ್ವೀಪದ ಚರಿತ್ರೆಯಲ್ಲಿ ತೋರಿಸಿದ ಆಸಕ್ತಿ ಅಷ್ಟೆ. ಒಂದಕ್ಕೊಂದು ಕೂಗಳತೆಯಲ್ಲಿ ಚರ್ಚು, ಮಸೀದಿ, ಮಾರಿಯಮ್ಮನ ಗುಡಿ, ಚೀನೀಯರ ಗುಡಿ, ಆಚೆಗೆ ಇಂಗ್ಲಿಷರ ಕೋಟೆ. ನಾನು ಗೋಪುರ ನೋಡುವಾಗ ಅವರು ಬಾಗಿಲು ಸವರುತ್ತಿದ್ದರು. ಚೀನೀಯರ ಗುಡಿಯಲ್ಲಂತೂ ಕೆಂಪು ಕಂಬವನ್ನು ಉಗುರಿನಿಂದ ಮೆಲ್ಲಗೆ ಕೆರೆದೇಬಿಟ್ಟರು. ನಮ್ಮೂರಿನ ಬೊಂಬೆಗಾರರ ಕೈ ಬಣ್ಣ ಕಂಡರೆ ಸುಮ್ಮನಿರುವುದಿಲ್ಲ. ಅದು ಅರಗೋ ಪೇಂಟೋ ತಿಳಿಯಲೇಬೇಕು. ಊದುಬತ್ತಿ ಹಚ್ಚುತ್ತಿದ್ದ ಅಜ್ಜಿಯೊಬ್ಬರು ಅವರ ಕೈಮೇಲೆ ಫಟ್ಟನೆ ಒಂದು ಕೊಟ್ಟು ಏನೋ ಗದರಿದರು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು.

"ತಪ್ಪಾಯ್ತು ಕಣಮ್ಮ," ಎಂದು ಅಪ್ಪ ಕನ್ನಡದಲ್ಲೇ ಕೈಮುಗಿದರು. ಹೊರಗೆ ಬಂದು, "ಪೇಂಟು," ಎಂದರು.

ಎರಡನೆಯ ದಿನ ಇಂಗ್ಲಿಷರ ಕಾಲದ ಬಂಗಲೆಯೊಂದಕ್ಕೆ ಹೋದೆವು. ಮೆಟ್ಟಿಲಿನ ಪಕ್ಕದ ಕಟಕಟೆಗೆ ಸಾಲಾಗಿ ಪುಟ್ಟ ಪುಟ್ಟ ಮರದ ಕಂಬಗಳು, ಎಲ್ಲ ಒಂದೇ ಅಚ್ಚು. ಅಪ್ಪ ಕಣ್ಣು ಮುಚ್ಚಿ ಅವನ್ನು ಸವರುತ್ತ ಹತ್ತಿದರು. ಒಂಬತ್ತನೆಯದರ ಹತ್ತಿರ ನಿಂತರು.

"ಇದನ್ನ ಕಡ್ದೋನು ಬ್ಯಾರೆಯವ್ನು. ಅವನ ಉಳಿ ಒಸಿ ಮೊಂಡು."

"ಅಪ್ಪಾ, ಇಷ್ಟು ವರ್ಷದಿಂದ ಜನ ಹತ್ತಿ ಇಳಿದವ್ರೆ. ಯಾರೂ ನೋಡಿಲ್ಲ."

"ನಾನ್ ನೋಡ್ದೆ ಅಲ್ವಾ."

ಕಾವಲಿನವರೊಬ್ಬರು ನಮ್ಮತ್ತ ಬಂದರು. ಇನ್ನೊಂದು ಏಟು ಎಂದುಕೊಂಡೆ. ಆದರೆ ಅವರು ತಮಿಳರು, ಅಪ್ಪನಿಗೂ ಸಂತೆಗಾಗುವಷ್ಟು ತಮಿಳು ಬರುತ್ತದೆ. ಅಪ್ಪ ಅವರ ಕೈಹಿಡಿದು ಎಂಟನೆಯ ಕಂಬದ ಮೇಲಿಟ್ಟರು, ಆಮೇಲೆ ಒಂಬತ್ತನೆಯದರ ಮೇಲೆ. ಆ ಮನುಷ್ಯನ ಮುಖ ನಿಧಾನವಾಗಿ ಅರಳಿತು. ಹನ್ನೊಂದು ವರ್ಷದಿಂದ ದಿನವೂ ಈ ಮೆಟ್ಟಿಲು ಹತ್ತುತ್ತಿದ್ದೇನೆ, ಇದು ಗೊತ್ತೇ ಆಗಿರಲಿಲ್ಲ ಎಂದರು. ಆಮೇಲೆ ಇಬ್ಬರೂ ಅಲ್ಲೇ ಕೂತು, ಆ ಕಂಬ ಕಡೆದವನು ಹೊಸಬನಿರಬೇಕೋ ಮುದುಕನಿರಬೇಕೋ ಎಂದು ಅರ್ಧಗಂಟೆ ವಾದ ಮಾಡಿದರು. ಅಂದಿನ ಪಟ್ಟಿಯಲ್ಲಿದ್ದ ಕೋಟೆ ತಪ್ಪಿಹೋಯಿತು. ನಾನು ಅವಸರ ಮಾಡಲಿಲ್ಲ.

ಸಂಜೆ ಸಮುದ್ರದ ಕಟ್ಟೆಯ ಮೇಲೆ ಕೂತಾಗ ಅಪ್ಪ ಕೇಳಿದರು: "ಊರಿಗೆ ಯಾವತ್ತು ಓಗ್ತೀವಿ?"

"ಸೋಮವಾರ."

"ಅಂಗಾದ್ರೆ ಮಂಗಳವಾರ ಒಂದ್ ಗಾಡಿ ಹಾಲೆ ಮರ ತರ್ಸವ್ವ. ಹಸಿದಾದ್ರೂ ಪರವಾಗಿಲ್ಲ."

ಬೊಂಬೆ ಕಡೆಯುವ ಹಾಲೆ ಮರ ಹಸಿಯಿದ್ದರೆ ಒಣಗಿ ಉಳಿಗೆ ಬರಲು ತಿಂಗಳುಗಟ್ಟಲೆ ಬೇಕು. ಅದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಅಷ್ಟು ದಿನ ಕಾಯಲು ಒಪ್ಪಿದವರನ್ನು ಲೇತಿನ ಬಗ್ಗೆ ಮತ್ತೇನು ಕೇಳುವುದು? "ಆಯ್ತಪ್ಪ, ತರ್ಸ್ತೀನಿ," ಎಂದೆ.