ಮನೆ ಹೆಸರು ಕೇಳಿದೆವು, ಲಾರಿ ನಂಬರ್ ಕೇಳಲಿಲ್ಲ

ಲಾರಿಯ ನಂಬರ್ ಕೇಳಿದ ತಪ್ಪಿಗೆ ಕಳೆದ ತಿಂಗಳು ನಾನು ನನ್ನ ಸೊಸೆಯನ್ನು ಬೈದೆ.

ಸುಮ್ಮನೆ ಗೊಣಗಿದ್ದಲ್ಲ. ಎದ್ದು ನಿಂತು, ಕನ್ನಡಕ ತೆಗೆದು, ಮೂವತ್ತು ವರ್ಷ ಕ್ಲಾಸುಗಳನ್ನು ಸುಮ್ಮನಿರಿಸಿದ ಗಂಟಲಿನಲ್ಲಿ ಬೈದೆ. (ನಮ್ಮ ಡೊಂಬಿವಲಿಯ ಹಾಲ್‌ನಲ್ಲಿ ಒಬ್ಬರು ಎದ್ದು ನಿಂತು ಕೈ ಬೀಸಬೇಕಾದರೆ ಇನ್ನೊಬ್ಬರು ಅಡುಗೆಮನೆಗೆ ಸರಿಯಬೇಕು. ಹೆಂಡತಿ ಸರಿದಳು.) ಪಾಪ, ಸೊಸೆ ಕೇಳಿದ್ದು ಇಷ್ಟೇ: “ಬಾಬಾ, ಗಾಡಿ ನಂಬರ್ ಕೊಡಿ ನಾ. ದೋನ್ ಮಿನಿಟ್, ಎರಡೇ ನಿಮಿಷದ ಕೆಲಸ.”

ವಿಷಯ ಏನೆಂದರೆ, ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ವಸಂತಿಗೆ ಒಂದು ಕ್ಯಾಂಟೀನ್ ಸಿಕ್ಕಿತ್ತು. ಗಂಡ ಠಾಣೆಯ ಹೋಟೆಲೊಂದರಲ್ಲಿ ಕೌಂಟರಿಗೆ ಕೂರುತ್ತಿದ್ದವನು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾನೆ. ಒಂಬತ್ತು ವರ್ಷಗಳಿಂದ ವಸಂತಿಯೇ ಎರಡು ಗ್ಯಾಸ್ ಒಲೆಗಳ ಮೇಲೆ ಊಟದ ಡಬ್ಬಿ ಮಾಡಿ ಸಂಸಾರ ನಡೆಸುತ್ತಿದ್ದಳು. ಈಗ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಎಂಬತ್ತು ಜನರಿಗೆ ಬೆಳಗಿನ ತಿಂಡಿ, ಚಹಾ, ಮಧ್ಯಾಹ್ನದ ಊಟ. ಮುಂದಿನ ಸೋಮವಾರದಿಂದ ಶುರು. ಜಾಗ, ನೀರು, ಗ್ಯಾಸ್ ಕಂಪನಿಯದ್ದು. ಪಾತ್ರೆ ಪರಡಿ, ಯಂತ್ರ ಎಲ್ಲ ಇವಳದ್ದು.

ಅದೂ ದೇವರು ಕೊಟ್ಟ ಹಾಗೆ ಒದಗಿ ಬಂತು. ಉಡುಪಿಯಲ್ಲಿ ಅವಳ ಅಣ್ಣನ ಹೋಟೆಲು ರಸ್ತೆ ಅಗಲೀಕರಣಕ್ಕೆ ಹೋಗಿತ್ತು. ಇಡ್ಲಿ ಬೇಯಿಸುವ ದೊಡ್ಡ ಸ್ಟೀಮರ್, ಹಿಟ್ಟಿನ ಗ್ರೈಂಡರ್, ದೋಸೆ ಕಾವಲಿ, ಹಂಡೆ, ಕಡಾಯಿ ಎಲ್ಲವನ್ನೂ ಅಣ್ಣ ತಂಗಿಗೆ ಕೊಟ್ಟ. ಹೊಸದಾಗಿ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಈ ಸಾಮಾನು ಬಂದರೆ ಕ್ಯಾಂಟೀನ್. ಬರದಿದ್ದರೆ ಮತ್ತೆ ಅದೇ ಎರಡು ಒಲೆ, ಅದೇ ಡಬ್ಬಿ.

“ಮಾಷ್ಟ್ರೇ, ಯಾರಾದರೂ ನಂಬಿಕೆಯ ಟ್ರಾನ್ಸ್‌ಪೋರ್ಟಿನವರು ಗೊತ್ತುಂಟಾ?” ಎಂದು ಬಂದಳು. ನನ್ನ ಎದೆ ಎರಡು ಇಂಚು ಉಬ್ಬಿತು. ನಿವೃತ್ತ ಮಾಷ್ಟ್ರರನ್ನು ಸಲಹೆ ಕೇಳುವವರು ಈಗ ಯಾರಿದ್ದಾರೆ?

ನನಗೆ ಜಗಣ್ಣ ಗೊತ್ತಿದ್ದ. ಗೊತ್ತಿದ್ದ ಎಂದರೆ, ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಹಿಂಬದಿ ಪುಟದಲ್ಲಿ ಅವನ ಜಾಹೀರಾತು ಬರುತ್ತಿತ್ತು. ತುರ್ಭೆಯಲ್ಲಿ ಆಫೀಸು, ವಿಸಿಟಿಂಗ್ ಕಾರ್ಡಿನ ಮೇಲೆ ಹದಿನಾಲ್ಕು ಗಾಲಿಯ ಲಾರಿ. ಆದರೂ ಜವಾಬ್ದಾರಿಯ ಕೆಲಸ ನೋಡಿ. ವಿಚಾರಣಾ ಆಯೋಗ ರಚನೆಯಾಯಿತು. ಅಧ್ಯಕ್ಷ ನಾನು, ಸದಸ್ಯ ನಾನು, ಕಾರ್ಯದರ್ಶಿಯೂ ನಾನು. ಫೋನ್ ಹಚ್ಚಿದೆ.

“ಎಂಚ ಉಲ್ಲರ್ ಮಾಷ್ಟ್ರೇ?” ಎಂದು ತುಳುವಿನಲ್ಲೇ ಕ್ಷೇಮ ವಿಚಾರಿಸುತ್ತಾ ಫೋನ್ ಎತ್ತಿದ.

ಅರ್ಧ ಪರೀಕ್ಷೆ ಅಲ್ಲಿಗೇ ಪಾಸು. ಉಳಿದರ್ಧ ಹೀಗೆ ನಡೆಯಿತು.

“ಊರು ಯಾವುದು ಜಗಣ್ಣ?”

“ಕಟಪಾಡಿ ಹತ್ತಿರ ಮಾಷ್ಟ್ರೇ.”

“ಯಾರ ಮನೆ?”

“ಕೆಳಗಿನಮನೆ.”

“ಕೆಳಗಿನಮನೆ ಸುಂದರಣ್ಣ ನಿಮಗೆ ಏನಾಗಬೇಕು?”

“ನನ್ನ ದೊಡ್ಡಪ್ಪ ಅಲ್ವಾ.”

“ಅವರ ಹೆಂಡತಿಯ ತಂಗಿಯನ್ನು ನಮ್ಮ ಅತ್ತೆಯ ಪಕ್ಕದ ಮನೆಗೆ ಕೊಟ್ಟದ್ದು ಮಾರಾಯರೇ.”

ಮುಗಿಯಿತು. ಇನ್ನೇನು ಬೇಕು? ಆಯೋಗ ತನ್ನ ವರದಿ ಸಲ್ಲಿಸಿ ವಿಸರ್ಜನೆಗೊಂಡಿತು. ಪಕ್ಕದಲ್ಲಿದ್ದ ವಸಂತಿ, ಅವಳ ಬುದ್ಧಿಗೆ ಮೆಚ್ಚಬೇಕು, ಫೋನ್ ತೆಗೆದುಕೊಂಡು ಒಂದು ಪ್ರಶ್ನೆ ಕೇಳಿದಳು: “ಇನ್ಶುರೆನ್ಸ್ ಉಂಟಲ್ಲ ಅಣ್ಣ?” ಜಗಣ್ಣ ಹೇಳಿದ, “ಲಾರಿಗೆ ಫುಲ್ ಉಂಟು ಅಕ್ಕ, ನೀವು ನಿಶ್ಚಿಂತೆಯಿಂದ ಇರಿ.” ನಾವು ನಿಶ್ಚಿಂತೆಯಿಂದ ಇದ್ದೆವು.

ಆಗಲೇ ಸೊಸೆ ಬಾಯಿ ಹಾಕಿದ್ದು. ಶುಭಾಂಗಿ ಕಲ್ಯಾಣದ ಹುಡುಗಿ, ಮರಾಠಿ ಮನೆಯವಳು. ನಮ್ಮ ಕನ್ನಡವನ್ನು ನಮ್ಮ ಮನೆಯಲ್ಲೇ ಕಲಿತಳು. ಅವಳಿಗೆ ಕೆಲಸ ನವಿ ಮುಂಬಯಿಯ ಒಂದು ಸರಕು ಸಾಗಣೆ ಆಫೀಸಿನಲ್ಲಿ. ಅಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಮಾಡುವುದು ಇದನ್ನೇ. ಲಾರಿ ಬಾಗಿಲಿಗೆ ಬಂದರೆ ಮೊದಲು ಅದರ ಕಾಗದ ನೋಡುವುದು, ಆಮೇಲೆ ಸರಕು ಹತ್ತಿಸುವುದು.

“ನಮ್ಮ ಕಡೆಯವನಮ್ಮ” ಅಂದೆ.

“ಮನುಷ್ಯ ನಿಮ್ಮ ಕಡೆಯವನು, ಬರೋಬರ್. ಗಾಡಿ ಯಾವ ಕಡೆಯದು?”

“ನಿನ್ನ ಆಫೀಸಿನ ಸಂಶಯವನ್ನು ಆಫೀಸಿನಲ್ಲೇ ಇಟ್ಟು ಬಾ. ಕಾಗದ ಕೇಳಿದರೆ ಅವನು ಏನು ತಿಳಿದುಕೊಂಡಾನು?”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಏನೂ ತಿಳಿದುಕೊಳ್ಳಲಿಕ್ಕಿಲ್ಲ. ಕಾಗದ ಇದ್ದರೆ ತೋರಿಸಿಯಾನು.” ಇಬ್ಬರು ಹೆಂಗಸರು ಒಂದು ಪಕ್ಷವಾದಾಗ ಮಾನವುಳ್ಳ ಗಂಡಸು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ತರಕಾರಿ ತರಲು ಹೋದೆ.

ಗುರುವಾರ ಉಡುಪಿಯಲ್ಲಿ ಸಾಮಾನು ಲೋಡ್ ಆಯಿತು. ಶನಿವಾರ ತುರ್ಭೆಗೆ ಬರಬೇಕು. ಭಾನುವಾರ ಜೋಡಣೆ, ಸೋಮವಾರ ಇಡ್ಲಿ.

ಶನಿವಾರ ಲಾರಿ ಇಲ್ಲ. “ಬಂತು ಮಾಷ್ಟ್ರೇ, ಘಾಟಿನಲ್ಲಿ ಟ್ರಾಫಿಕ್” ಎಂದ ಜಗಣ್ಣ. ಸಂಜೆ, “ಡ್ರೈವರ್ ಊಟಕ್ಕೆ ನಿಲ್ಲಿಸಿದ್ದಾನೆ.” ಭಾನುವಾರ ಬೆಳಿಗ್ಗೆ, “ಇನ್ನೇನು ಪನ್ವೇಲ್.” ಮಧ್ಯಾಹ್ನ ಫೋನ್ ಎತ್ತಲಿಲ್ಲ. ವಸಂತಿಯ ಅಣ್ಣ ಉಡುಪಿಯಿಂದ ಡ್ರೈವರನ ನಂಬರ್ ಹುಡುಕಿ ಕೊಟ್ಟ. ಡ್ರೈವರ್ ಮಾತ್ರ ಸತ್ಯವಂತ. ಲಾರಿ ಪನ್ವೇಲಿನಲ್ಲಿಲ್ಲ, ಘಾಟಿನಲ್ಲೂ ಇಲ್ಲ. ಶುಕ್ರವಾರದಿಂದ ಗಡಿಯ ಚೆಕ್‌ಪೋಸ್ಟಿನಲ್ಲಿ ಹಿಡಿದು ನಿಲ್ಲಿಸಿದ್ದಾರೆ.

ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ. ಲೋಡ್ ಮಾಡಿದಾಗ ಕೊಟ್ಟ ರಸೀದಿಯ ಫೋಟೋ ವಸಂತಿಯ ಮೊಬೈಲಿನಲ್ಲಿತ್ತು. ಅದರಲ್ಲಿ ಲಾರಿಯ ನಂಬರ್ ಇತ್ತು. ನಾನೇ ಓದಿ ಹೇಳಿದೆ. ಶುಭಾಂಗಿ ತನ್ನ ಫೋನಿನಲ್ಲಿ ಸರಕಾರದ ಆ್ಯಪ್ ತೆರೆದು ಅದನ್ನು ಒತ್ತಿದಳು.

ದೋನ್ ಮಿನಿಟ್ ಕೂಡ ಹಿಡಿಯಲಿಲ್ಲ ಸ್ವಾಮಿ.

“ಫಿಟ್ನೆಸ್ ಸರ್ಟಿಫಿಕೇಟ್ ಮುಗಿದಿದೆ ಬಾಬಾ, ಹೋದ ವರ್ಷ. ಇನ್ಶುರೆನ್ಸ್ ಕೂಡ ಮುಗಿದಿದೆ. ನ್ಯಾಷನಲ್ ಪರ್ಮಿಟ್ ಇಲ್ಲ. ಕರ್ನಾಟಕದೊಳಗೆ ಮಾತ್ರ ಓಡಬೇಕಾದ ಗಾಡಿ.”

“ಮಾಲೀಕ ಜಗಣ್ಣ ತಾನೇ?”

“ಬೇರೆ ಯಾರೋ.”

ಆ ಮೇಲೆ ತಿಳಿಯಿತು, ಜಗಣ್ಣನ ಬಳಿ ಲಾರಿಯೇ ಇಲ್ಲ. ಹದಿನಾಲ್ಕು ಗಾಲಿಯದ್ದೂ ಇಲ್ಲ, ನಾಲ್ಕು ಗಾಲಿಯದ್ದೂ ಇಲ್ಲ. ಇದ್ದದ್ದು ಒಂದು ಮೇಜು, ಒಂದು ಫೋನ್, ಒಂದು ರಸೀದಿ ಪುಸ್ತಕ. ಸಿಕ್ಕ ಲಾರಿಗೆ ಸಿಕ್ಕ ಸಾಮಾನು ತುಂಬಿಸಿ ನಡುವಿನ ಕಮಿಷನ್ ತಿನ್ನುವ ವ್ಯವಹಾರ. ಅದು ತಪ್ಪಲ್ಲ, ನೂರಾರು ಜನ ನಿಯತ್ತಿನಿಂದ ಮಾಡುತ್ತಾರೆ. ಹೀಗೆ ಸರಕು ಒಪ್ಪಿಕೊಳ್ಳುವವರೂ ಕಾನೂನಿನಂತೆ ನೋಂದಾಯಿಸಿಕೊಳ್ಳಬೇಕಂತೆ. ಜಗಣ್ಣನನ್ನು ಆಮೇಲೆ ಶುಭಾಂಗಿ ಅದನ್ನೂ ಕೇಳಿದಳು. “ಅಪ್ಲೈ ಮಾಡಿದ್ದೇವೆ” ಎಂದನಂತೆ. ಯಾವಾಗ ಎಂದರೆ ಫೋನ್ ಕಟ್ ಆಯಿತಂತೆ.

ಇನ್ನು ಆ ಇನ್ಶುರೆನ್ಸಿನ ಕಥೆ. “ಲಾರಿಗೆ ಫುಲ್ ಉಂಟು” ಎಂದನಲ್ಲ, ಅದು ಸುಳ್ಳೆಂದು ಆ್ಯಪ್ ಹೇಳಿತು. ಆದರೆ ನಿಜವೇ ಆಗಿದ್ದರೂ ವಸಂತಿಗೆ ಅದರಿಂದ ಒಂದು ಚಮಚದ ಪ್ರಯೋಜನವೂ ಇರಲಿಲ್ಲ ಎಂಬುದು ನನಗೆ ಈ ಅರವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯಿತು. ಲಾರಿಯ ವಿಮೆ ಲಾರಿಗೆ, ಲಾರಿ ಯಾರಿಗಾದರೂ ಗುದ್ದಿದರೆ ಅವರಿಗೆ. ಒಳಗಿನ ಸಾಮಾನಿಗೆ ಬೇರೆಯೇ ವಿಮೆ. (ಅದಕ್ಕೆ ವಿಮೆಯವರು ಇಟ್ಟ ಹೆಸರು ಮರೈನ್. ರಸ್ತೆಯ ಮೇಲೆ ಹೋಗುವ ಇಡ್ಲಿ ಪಾತ್ರೆಗೆ ಸಮುದ್ರದ ಹೆಸರು. ಇದನ್ನು ಸಾಮಾನ್ಯ ಮನುಷ್ಯ ಹೇಗೆ ಊಹಿಸಬೇಕು?) ಮದುವೆಯ ಊಟ ಹಳಸಿತು ಎಂದು ದೂರಿದರೆ, ಛತ್ರದ ಕಟ್ಟಡಕ್ಕೆ ವಿಮೆ ಉಂಟು ಎಂದ ಹಾಗಾಯಿತು.

ಸೋಮವಾರ ಬಂತು. ವಸಂತಿ ಮನೆಯ ಎರಡು ಒಲೆಗಳ ಮೇಲೆ ಎಂಬತ್ತು ಜನರ ಉಪ್ಪಿಟ್ಟು ಮಾಡಿ, ಟೆಂಪೋ ಹಿಡಿದು ಡೊಂಬಿವಲಿಯಿಂದ ತುರ್ಭೆಗೆ ಒಯ್ದಳು. ಶೀಳ್ ರಸ್ತೆಯ ಟ್ರಾಫಿಕ್ ನಿಮಗೆ ಹೇಳಬೇಕೇ? ಉಪ್ಪಿಟ್ಟು ಮುಟ್ಟುವಾಗ ತಿಂಡಿಯ ಹೊತ್ತು ಮುಗಿದಿತ್ತು. ಮಂಗಳವಾರವೂ ಹಾಗೇ.

ಮಂಗಳವಾರ ಸಂಜೆ ಸಾಮಾನು ಬಂತು. ಚೆಕ್‌ಪೋಸ್ಟಿನಲ್ಲಿ ಲಾರಿಯಿಂದ ಇಳಿಸಿ, ತೆರೆದ ಟೆಂಪೋ ಒಂದಕ್ಕೆ ಎಸೆದು, ಮೇಲೆ ಟಾರ್ಪಾಲು ಕೂಡ ಇಲ್ಲದೆ ಮಳೆಯಲ್ಲೇ ಕಳಿಸಿದ್ದರು. ಇಳಿಸುವಾಗ ನಾನೂ ಇದ್ದೆ. ಸ್ಟೀಮರಿನ ಬಾಗಿಲು ಕಳಚಿ ಹೋಗಿತ್ತು, ಪೈಪು ಬಾಗಿ ಮೊಣಕೈಯಂತಾಗಿತ್ತು. ಗ್ರೈಂಡರಿನ ಕಲ್ಲು ಎರಡು ಹೋಳು, ಮೋಟರಿನೊಳಗೆ ನೀರು. ಕಡಾಯಿಗಳು ಒಂದರ ಮೇಲೊಂದು ನಜ್ಜುಗುಜ್ಜಾಗಿದ್ದವು. ದೋಸೆ ಕಾವಲಿ ಮಾತ್ರ ಮುಕ್ಕಾಗದೆ ಬಂದಿತ್ತು. ಒಂದೂವರೆ ಇಂಚಿನ ಕಬ್ಬಿಣವನ್ನು ಮುರಿಯುವ ವಿದ್ಯೆ ಟ್ರಾನ್ಸ್‌ಪೋರ್ಟಿನವರಿಗೆ ಇನ್ನೂ ಸಿದ್ಧಿಸಿಲ್ಲ.

ಇಳಿಸಲು ಬಂದ ಹಮಾಲಿ ಒಂದು ಸುತ್ತು ಹಾಕಿ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ: “ತಾಯಿ, ಕಬಾಡಿವಾಲೇ ಕೋ ಬುಲಾವೂಂ ಕ್ಯಾ?” ಗುಜರಿಯವನನ್ನು ಕರೆಯಲೇ ಎಂದು.

ವಸಂತಿ ಸೆರಗಿನಿಂದ ಸ್ಟೀಮರಿನ ಮೇಲಿನ ಕೆಸರು ಒರೆಸುತ್ತಾ ನಿಂತಳು. ಅದು ಬೇಗ ಒರೆಸಿ ಮುಗಿಯುವ ಕೆಸರಾಗಿರಲಿಲ್ಲ.

ಸಾಮಾನಿನ ಜೊತೆ ಬಂದ ರಸೀದಿಯ ಹಿಂಬದಿಯನ್ನು ನಾನು ಭೂತಗನ್ನಡಿ ಹಿಡಿದು ಓದಿದೆ. ಅಕ್ಷರಗಳು ಸಾಸಿವೆಗಿಂತ ಸಣ್ಣವು. ಅದರ ಮೇಲೆ ನೇರಳೆ ಬಣ್ಣದ ರಬ್ಬರ್ ಸ್ಟ್ಯಾಂಪು: ಸರಕಿನ ಪೂರ್ತಿ ಹೊಣೆ ಸರಕಿನ ಮಾಲೀಕರದ್ದು. ಅಂದರೆ ನಿಮ್ಮ ಸಾಮಾನನ್ನು ನಾವು ಒಯ್ಯುತ್ತೇವೆ, ಒಡೆಯುತ್ತೇವೆ, ಬಾಡಿಗೆಯನ್ನೂ ತೆಗೆದುಕೊಳ್ಳುತ್ತೇವೆ. ಜವಾಬ್ದಾರಿಯನ್ನು ಮಾತ್ರ ದಯವಿಟ್ಟು ನೀವೇ ಹೊತ್ತುಕೊಂಡು ಬನ್ನಿ.

ಬುಧವಾರ ಕಾರ್ಖಾನೆಯ ಮ್ಯಾನೇಜರ್ ವಸಂತಿಯನ್ನು ಕರೆಸಿದ. ಒರಟ ಮನುಷ್ಯನೇನೂ ಅಲ್ಲ. “ಉಪ್ಪಿಟ್ಟು ಚೆನ್ನಾಗಿತ್ತು ತಾಯಿ. ಆದರೆ ಕರಾರಿನಲ್ಲಿ ಇಲ್ಲೇ ಅಡುಗೆ ಎಂದಿದೆಯಲ್ಲ” ಎಂದ. ಪಟ್ಟಿಯಲ್ಲಿ ಎರಡನೇ ಹೆಸರಿದ್ದವರಿಗೆ ಕ್ಯಾಂಟೀನ್ ಹೋಯಿತು.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೆಲಸ ಕೊಡುವ ಮೊದಲು ವಸಂತಿಯಿಂದ ಕೇಳಿದ ಕಾಗದಗಳ ಫೈಲನ್ನು ನಾನೇ ಜೋಡಿಸಿ ಕೊಟ್ಟಿದ್ದೆ. ಆಹಾರದ ಲೈಸೆನ್ಸು, ಆಧಾರ್, ಪ್ಯಾನ್, ಬ್ಯಾಂಕಿನ ಪತ್ರ, ಅವಳಿಗೆ ಕಾಯಿಲೆ ಇಲ್ಲ ಎಂಬುದಕ್ಕೆ ಡಾಕ್ಟರ ಪತ್ರ, ಸಹಾಯಕಿಗೂ ಇಲ್ಲ ಎಂಬುದಕ್ಕೆ ಇನ್ನೊಂದು. ಒಟ್ಟು ಹನ್ನೊಂದು. ಒಂದನ್ನೂ ಅವಳು ಅವಮಾನ ಎಂದುಕೊಳ್ಳಲಿಲ್ಲ. ಇಡ್ಲಿ ಬೇಯಿಸುವವಳಿಗೆ ಹನ್ನೊಂದು ಕಾಗದ. ಇಡ್ಲಿ ಪಾತ್ರೆ ಹೊತ್ತು ತರುವವನಿಗೆ ದೊಡ್ಡಪ್ಪನ ಹೆಸರು ಸಾಕು. ಈ ನ್ಯಾಯವನ್ನು ಬರೆದವರು ಯಾರು? ನಾನೇ.

ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ಊರು ಕೇಳುತ್ತೇವೆ, ಮನೆ ಕೇಳುತ್ತೇವೆ, ಸಂಬಂಧ ಸಿಕ್ಕಿತೋ, ಕಣ್ಣು ಮುಚ್ಚುತ್ತೇವೆ. ಪರ್ಮಿಟ್ ತೋರಿಸಿ ಎಂದರೆ ಎದುರಿನವನಿಗೆ ಬೇಜಾರಾದೀತೆಂಬ ಸಂಕೋಚ. ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡು ಮೇಜು ಹಾಕಿ ಕುಳಿತವರಿದ್ದಾರೆ. ಅವರು ನಮ್ಮ ಭಾಷೆಯಲ್ಲೇ ನಮಸ್ಕಾರ ಹೇಳುತ್ತಾರೆ.

ವಸಂತಿ ದೂರು ಕೊಡುತ್ತೇನೆ ಎಂದಳು. ಶುಭಾಂಗಿ ಮೊದಲು ಲಿಖಿತ ನೋಟಿಸ್, ಆಮೇಲೆ ಗ್ರಾಹಕರ ವೇದಿಕೆ ಎಂದು ದಾರಿ ಹೇಳಿದಳು. ಸುದ್ದಿ ಅದು ಹೇಗೆ ಹರಡಿತೋ, ವರ್ತಕ ನಗರದಲ್ಲಿರುವ ನಮ್ಮ ಸಂಘದ ಹಿರಿಯರೊಬ್ಬರ ಮನೆಯಲ್ಲಿ ಪಂಚಾಯಿತಿ ಸೇರಿತು. ಜಗಣ್ಣ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದ. ಮುಖ ಮಾತ್ರ ತನ್ನದೇ ಸಾಮಾನು ಒಡೆದು ಹೋದವನ ಹಾಗಿತ್ತು.

“ಆದದ್ದು ಆಯಿತು” ಎಂದರು ಹಿರಿಯರು. “ಕೋರ್ಟು ಕಚೇರಿ ನಮಗೆ ಶೋಭೆ ಅಲ್ಲ. ಹೊಟ್ಟೆಪಾಡಿಗೆ ಬಂದವನು, ನಮ್ಮವನೇ. ಬಿಟ್ಟುಬಿಡಮ್ಮ.”

“ಲಾರಿಯವನು ಮೋಸ ಮಾಡಿದ ಮಾಷ್ಟ್ರೇ, ನಾನೆಂತ ಮಾಡಲಿ?” ಎಂದ ಜಗಣ್ಣ ನನ್ನ ಕಡೆ ತಿರುಗಿ.

“ಲಾರಿಯ ಕಾಗದ ನೀನು ನೋಡಿದ್ದೆಯಾ?” ಎಂದೆ.

“ಅವನೂ ಊರಿನವನೇ ಅಲ್ವಾ. ಕೇಳುವುದು ಹೇಗೆ?”

ನನ್ನದೇ ವಾಕ್ಯ ಅದು.

ವಸಂತಿ ಎದ್ದಳು. “ಒಂದು ಮಾತು ಅಣ್ಣಂದಿರೇ. ನಾಳೆ ಬೆಳಿಗ್ಗೆಗೆ ನನ್ನ ಡಬ್ಬಿ ಬೇಕು ಎಂದು ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ? ಹಳೆಯ ಗಿರಾಕಿಗಳೆಲ್ಲ ಬೇರೆಯವರಿಗೆ ಹೇಳಿಯಾಗಿದೆ, ಕ್ಯಾಂಟೀನ್ ಸಿಕ್ಕಿತೆಂದು ನಾನೇ ಬಿಟ್ಟುಕೊಟ್ಟದ್ದು.” ಒಬ್ಬರು ಬಾಳೆಹಣ್ಣು ಸುಲಿದರು. ಅವಳು ಚಪ್ಪಲಿ ಹಾಕಿಕೊಂಡು ಹೊರಟಳು.

ಮರುದಿನ ನೋಟಿಸ್ ಹೋಯಿತು. ಸಾಕ್ಷಿಯ ಜಾಗದಲ್ಲಿ ಸಹಿ ನನ್ನದು. ಯಾವ ಲಾರಿಯಲ್ಲಿ, ಯಾವ ಕಾಗದ ನೋಡದೆ, ಯಾರ ಮಾತಿನ ಮೇಲೆ ಸಾಮಾನು ಹತ್ತಿತು ಎಂಬುದನ್ನೆಲ್ಲ ಬರೆದಿದ್ದೇನೆ. ನನ್ನ ಹೆಸರನ್ನೂ ಸೇರಿಸಿ.

ಅದಾದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಜಗಣ್ಣ ನಮ್ಮವನು, ಸಹಿ ಹಿಂತೆಗೆದುಕೊಳ್ಳಿ ಎಂದು ಸೀವುಡ್ಸಿನಿಂದ, ಠಾಣೆಯಿಂದ, ಕಲ್ಯಾಣದಿಂದ ಈ ವಾರ ಈ ಅಂಕಣದ ಏಳು ಜನ ಓದುಗರು ಕರೆ ಮಾಡಿದ್ದೀರಿ. ವಸಂತಿಯೂ ನಮ್ಮವಳು ಎಂದು ಹೇಳಲು ಅವಳಿಗೆ ಕರೆ ಮಾಡಿದವರು ಎಷ್ಟು ಮಂದಿ?